ಹದಿನೈದರ ಮೆಟ್ಟಿಲು

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ತಿಪಟೂರಿನ ನಮ್ಮ ಮನೆಯ ಫ್ಯಾನು ಬಿಸಿಗಾಳಿಯನ್ನೇ ಸುತ್ತಿಸಿ ಸುತ್ತಿಸಿ ಕೊಡುತ್ತಿತ್ತು. ಒಂಬತ್ತನೆಯ ತರಗತಿ ಮುಗಿಸಿ ರಜಕ್ಕೆ ಬಂದಿದ್ದ ಮೊಮ್ಮಗಳು ನನ್ನ ಪಕ್ಕ ಬಂದು ಕೂತಳು. "ತಾತ, ನಿಮ್ಮಿಂದ ಒಂದು ಸಹಾಯ ಆಗ್ಬೇಕು" ಅಂದಳು, ಬಹಳ ವಿನಯದಿಂದ. ಅವಳ ವಿನಯ ಕಂಡರೆ ನನಗೆ ಸ್ವಲ್ಪ ಭಯ.

"ಅಪ್ಪನ ಹಳೇ ಕಂಪ್ಯೂಟರ್‌ನ ಗ್ರಾಫಿಕ್ಸ್ ಕಾರ್ಡನ್ನ ಓವರ್‌ಕ್ಲಾಕ್ ಮಾಡ್ಬೇಕು. ಅಪ್ಪ ಒಪ್ಪಿದಾರೆ. ಆದ್ರೆ ನೀವು ಪಕ್ಕದಲ್ಲಿ ಕೂತಿದ್ರೆ ಮಾತ್ರ ಅಂತೆ."

ಬೆಂಗಳೂರಿನಲ್ಲಿರುವ ಮಗನಿಗೆ ಫೋನ್ ಮಾಡಿದೆ. ಅವನು ನಕ್ಕ. "ನೀವು ಮೂವತ್ತು ವರ್ಷ ಮೋಟಾರ್ ಜೊತೆ ಬಾಳಿದವರಲ್ವಾ ಅಪ್ಪ? ಯಂತ್ರ ಯಾವಾಗ ಬಿಸಿ ಆಗುತ್ತೆ, ಯಾವಾಗ ನಿಲ್ಲಿಸ್ಬೇಕು ಅನ್ನೋದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ನಾನು ಏನೂ ಹೇಳದೆ ಫೋನ್ ಇಟ್ಟೆ. ಏಕೆ ಹೇಳಲಿಲ್ಲ ಎಂಬುದು ಮುಂದೆ ಗೊತ್ತಾಗುತ್ತದೆ.

ಮೊದಲು ಈ ಓವರ್‌ಕ್ಲಾಕ್ ಎಂದರೇನು ಎಂದು ಹೇಳಿಬಿಡುತ್ತೇನೆ. ನನ್ನ ವಯಸ್ಸಿನವರಿಗೆ ಇದು ಬೇಕು, ಮಕ್ಕಳಿಗೆ ಆಗಲೇ ಗೊತ್ತಿರಬಹುದು. ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವುದಕ್ಕೆಂದೇ ಇರುವ ಭಾಗ ಗ್ರಾಫಿಕ್ಸ್ ಕಾರ್ಡ್. ಮಗನದು ಎನ್‌ವಿಡಿಯಾ ಜಿಟಿಎಕ್ಸ್ 1660 ಸೂಪರ್, 2019ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ. ಅದರೊಳಗಿನ ಚಿಪ್ ಒಂದು ತಾಳಕ್ಕೆ ಕೆಲಸ ಮಾಡುತ್ತದೆ. ಕಂಪನಿಯವರು ಆ ತಾಳದ ಮೂಲ ವೇಗ 1530 ಮೆಗಾಹರ್ಟ್ಸ್, ಕೆಲಸ ಬಿದ್ದಾಗ 1785 ಎಂದು ಬರೆದಿದ್ದಾರೆ. 1785 ಎಂದರೆ ಸೆಕೆಂಡಿಗೆ 178 ಕೋಟಿ 50 ಲಕ್ಷ ಸಲ! ತಂಪಾಗಿದ್ದರೆ ಚಿಪ್ ತಾನಾಗಿಯೇ ಇನ್ನೂ ಸ್ವಲ್ಪ ಮೇಲೆ ಹೋಗುವುದೂ ಉಂಟು. ಆ ತಾಳವನ್ನು ನಾವು ಕೈಯಾರೆ ಇನ್ನಷ್ಟು ಚುರುಕು ಮಾಡಿದರೆ ಅದೇ ಓವರ್‌ಕ್ಲಾಕ್.

"ಕಂಪನಿಯವರೇ ಇಷ್ಟು ಅಂತ ಹೇಳಿರೋವಾಗ ನೀನ್ಯಾಕೆ ಜಾಸ್ತಿ ಮಾಡ್ತೀಯ?" ಎಂದು ಕೇಳಿದೆ.

ಅವಳು ಹಿತ್ತಲ ಕಡೆ ಕೈ ತೋರಿಸಿದಳು. "ತಾತ, ಒಂದೇ ಗೊನೇಲಿ ಬಿಟ್ಟ ತೆಂಗಿನಕಾಯಿ ಎಲ್ಲಾ ಒಂದೇ ತೂಕ ಇರುತ್ತಾ? ಚಿಪ್ಪೂ ಹಾಗೇ. ಒಂದೇ ಕಾರ್ಖಾನೇಲಿ, ಒಂದೇ ತಟ್ಟೇಲಿ ಮಾಡಿದ್ರೂ ಕೆಲವು ಗಟ್ಟಿ, ಕೆಲವು ಸ್ವಲ್ಪ ಕಮ್ಮಿ. ಎಲ್ಲದಕ್ಕೂ ಆಗೋ ವೇಗಾನೇ ಕಂಪನಿ ಬರೀತಾರೆ. ನಮ್ಮದು ಗಟ್ಟಿ ಕಾಯಿ ಆಗಿದ್ರೆ ಒಳಗೆ ಸ್ವಲ್ಪ ಉಳಿದಿರುತ್ತೆ."

ಕೊಬ್ಬರಿ ಊರಿನವನಿಗೆ ಇದಕ್ಕಿಂತ ಚೆನ್ನಾಗಿ ಹೇಳಲು ಸಾಧ್ಯವಿಲ್ಲ. ಒಪ್ಪಿಕೊಂಡೆ.

ವೇಗ ಬೇಕಾಗಿದ್ದು ಆಟಕ್ಕಲ್ಲ. ಮೇ ತಿಂಗಳಿಗೆ ಅವಳ ಅಜ್ಜಿಗೆ, ಅಂದರೆ ನನ್ನ ಹೆಂಡತಿಗೆ, ಎಪ್ಪತ್ತು ತುಂಬುತ್ತಿತ್ತು. ಆಕೆಯ ತವರಿನ ತೊಟ್ಟಿಮನೆ ಬಿದ್ದುಹೋಗಿ ಎಷ್ಟೋ ವರ್ಷವಾಯಿತು. ಒಂದು ಫೋಟೋ ಕೂಡ ಉಳಿದಿಲ್ಲ. ಅಜ್ಜಿಯನ್ನು ಕೇಳಿ ಕೇಳಿ, ಕಂಬ ಎಲ್ಲಿತ್ತು, ಒರಳು ಎಲ್ಲಿತ್ತು, ಮಳೆನೀರು ಯಾವ ಮೂಲೆಗೆ ಬೀಳುತ್ತಿತ್ತು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಬ್ಲೆಂಡರ್ ಎಂಬ ಉಚಿತ ತಂತ್ರಾಂಶದಲ್ಲಿ ಈ ಹುಡುಗಿ ಆ ಮನೆಯನ್ನು ಮತ್ತೆ ಕಟ್ಟಿದ್ದಳು. ಮೂರು ನಿಮಿಷದ ಚಿತ್ರ. ಸೆಕೆಂಡಿಗೆ 24 ಚಿತ್ರದಂತೆ 4320 ಚಿತ್ರ. ಒಂದೊಂದನ್ನು ಬಿಡಿಸಲು ಕಂಪ್ಯೂಟರಿಗೆ ಒಂದು ನಿಮಿಷ. ಒಟ್ಟು 72 ಗಂಟೆ. ನಮ್ಮೂರಿನ ಕರೆಂಟು, ಬೇಸಿಗೆಯ ಸೆಖೆ, ತಿದ್ದುಪಡಿ ಎಲ್ಲ ಸೇರಿದರೆ ಹುಟ್ಟುಹಬ್ಬ ದಾಟಿಹೋಗುವ ಹಾಗಿತ್ತು.

ಕೆಲಸ ಶುರು ಮಾಡುವ ಮೊದಲು ನಾನೂ ಒಂದು ಷರತ್ತು ಹಾಕಿದೆ. "ಯಂತ್ರಕ್ಕೆ ಕೆಲಸ ಜಾಸ್ತಿ ಕೊಡೋ ಮುಂಚೆ ಅದನ್ನ ಒರೆಸ್ಬೇಕು." ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಪಕ್ಕದ ತಗಡು ಬಿಚ್ಚಿದೆವು. ಒಳಗೆ ವರ್ಷಗಳ ದೂಳು ಹತ್ತಿಯ ಹಾಗೆ ಕೂತಿತ್ತು. ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದು, ಮೆತ್ತನೆಯ ಬ್ರಷ್ಷಿನಲ್ಲಿ ಬಿಡಿಸಿದೆವು. ದೂಳು ತೆಗೆಯುವ ಮೊದಲು ಪೂರ್ತಿ ಕೆಲಸದಲ್ಲಿ 81 ಡಿಗ್ರಿಗೆ ಏರುತ್ತಿದ್ದ ಕಾರ್ಡು, ತೆಗೆದ ಮೇಲೆ 74ಕ್ಕೆ ನಿಂತಿತು. ಒಂದು ರೂಪಾಯಿ ಖರ್ಚಿಲ್ಲದೆ ಏಳು ಡಿಗ್ರಿ! ಕರೆಂಟು ಕೊಡುವ ಪೆಟ್ಟಿಗೆಯ ಮೇಲೆ ಬರೆದಿದ್ದನ್ನೂ ಓದಿಸಿದೆ. ಈ ಕಾರ್ಡಿಗೆ 450 ವ್ಯಾಟ್ ಇರಬೇಕೆಂದು ಕಂಪನಿಯ ಸಲಹೆ. ನಮ್ಮದು 550 ಇತ್ತು. ಕಾರ್ಡಿನ ವಾರಂಟಿ ಮುಗಿದು ಬಹಳ ದಿನವಾಗಿತ್ತು. ವಾರಂಟಿ ಇರುವವರು ಅದರ ಷರತ್ತನ್ನು ಓದಿಕೊಂಡೇ ಮುಂದುವರಿಯಬೇಕು.

ಇನ್ನು ಸಾಧನ. ಅದರ ಹೆಸರು ಎಂಎಸ್‌ಐ ಆಫ್ಟರ್‌ಬರ್ನರ್. ಉಚಿತ, ಬೇರೆ ಕಂಪನಿಯ ಕಾರ್ಡುಗಳಿಗೂ ನಡೆಯುತ್ತದೆ. ಇದೇ ಹೆಸರಿಟ್ಟುಕೊಂಡು ವೈರಸ್ ತುಂಬುವ ನಕಲಿ ತಾಣಗಳು ಇರುವುದರಿಂದ, ಎಂಎಸ್‌ಐನವರ ಸ್ವಂತ ತಾಣದಿಂದಲೇ ಇಳಿಸಿಕೊಂಡಳು. ಆಫ್ಟರ್‌ಬರ್ನರ್ ಎಂದರೆ ಯುದ್ಧವಿಮಾನದ ಎಂಜಿನ್ನಿನ ಹಿಂಭಾಗ. ಅಲ್ಲಿ ಹೊರಹೋಗುವ ಬಿಸಿ ಗಾಳಿಗೆ ಇನ್ನಷ್ಟು ಇಂಧನ ಸುರಿದು ಉರಿಸಿದರೆ ವಿಮಾನಕ್ಕೆ ಜೋರಾದ ತಳ್ಳು ಸಿಗುತ್ತದೆ. ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗುವ ತೇಜಸ್‌ಗೂ ಇದು ಇದೆ. ಆದರೆ ಇಂಧನ ಬೇಗ ಬೇಗ ಖಾಲಿಯಾಗುವುದರಿಂದ ಪೈಲಟ್ ಅದನ್ನು ಬೇಕಾದಷ್ಟು ಹೊತ್ತು ಮಾತ್ರ ಹಚ್ಚುತ್ತಾನೆ.

ಪರದೆಯ ಮೇಲೆ ಸಾಲಾಗಿ ಎಳೆಯುವ ಗುಂಡಿಗಳು ಬಂದವು. ಮೊಮ್ಮಗಳು ಒಂದೊಂದನ್ನೇ ಪರಿಚಯಿಸಿದಳು. "ಇದು ಕೋರ್ ಕ್ಲಾಕ್, ಚಿಪ್ಪಿನ ತಾಳ. ಇದು ಮೆಮೊರಿ ಕ್ಲಾಕ್. ಇದು ಫ್ಯಾನ್. ಇದು ಟೆಂಪರೇಚರ್ ಲಿಮಿಟ್, 83ಕ್ಕೆ ಇದೆ. ಅಷ್ಟಕ್ಕೆ ಹೋದ್ರೆ ಕಾರ್ಡು ತಾನೇ ನಿಧಾನ ಮಾಡ್ಕೊಳ್ಳುತ್ತೆ. ಇದು ಕೋರ್ ವೋಲ್ಟೇಜ್, ಇದನ್ನ ನಾವು ಮುಟ್ಟಲ್ಲ. ಇದು ಪವರ್ ಲಿಮಿಟ್. ಕಾರ್ಡು ಎಷ್ಟು ಕರೆಂಟ್ ಎಳೀಬಹುದು ಅನ್ನೋ ಮಿತಿ. ನೂರರಿಂದ ಸ್ವಲ್ಪ ಮೇಲಕ್ಕೆ ತಳ್ಳಿದ್ರೆ..."

"ಅದು ಬೇಡ" ಎಂದೆ.

"ಕಂಪನಿಯವರು ಒಪ್ಪಿದ್ದಕ್ಕಿಂತ ಜಾಸ್ತಿ ಅದು ಹೋಗೋದೇ ಇಲ್ಲ ತಾತ."

"ಬೇಡ ಅಂದ್ರೆ ಬೇಡ."

ನನ್ನ ದನಿ ಜೋರಾಯಿತೇನೋ, ಅಡುಗೆಮನೆಯಿಂದ ಹೆಂಡತಿ ಇಣುಕಿ ನೋಡಿದಳು. ಮೊಮ್ಮಗಳು ಮತ್ತೆ ಕೇಳಲಿಲ್ಲ.

ವಿಧಾನ ಇಷ್ಟೇ. ಕೋರ್ ಕ್ಲಾಕನ್ನು 15 ಮೆಗಾಹರ್ಟ್ಸ್ ಮಾತ್ರ ಏರಿಸುವುದು. ಹೆವೆನ್ ಎಂಬ ಪರೀಕ್ಷಾ ತಂತ್ರಾಂಶವನ್ನು ಹತ್ತು ನಿಮಿಷ ಓಡಿಸುವುದು. ಆಕಾಶದಲ್ಲಿ ತೇಲುವ ಊರೊಂದನ್ನು ತೋರಿಸುತ್ತಾ ಅದು ಕಾರ್ಡಿನ ಬೆವರಿಳಿಸುತ್ತದೆ. ಆ ಹತ್ತು ನಿಮಿಷ ಪರದೆಯ ಮೇಲೆ ಕಣ್ಣಿಟ್ಟು ಕೂರಬೇಕು. ಇಲ್ಲದ ಚುಕ್ಕೆ, ಮಿಂಚುವ ಗೆರೆ, ಬಣ್ಣದ ಚೌಕ ಕಂಡರೆ ಚಿಪ್ ಲೆಕ್ಕ ತಪ್ಪುತ್ತಿದೆ ಎಂದರ್ಥ. ಕಾಣದಿದ್ದರೆ ಉಷ್ಣತೆ, ಅಂಕ ಎರಡನ್ನೂ ಬರೆದುಕೊಂಡು ಇನ್ನೊಂದು 15. ಉಷ್ಣತೆ 80 ದಾಟಿದರೆ ಅಲ್ಲಿಗೇ ನಿಲ್ಲಿಸುವುದು ಎಂದು ಇಬ್ಬರೂ ಒಪ್ಪಿದೆವು. ಕಂಪ್ಯೂಟರ್ ಹೊತ್ತಿಕೊಂಡ ಕೂಡಲೇ ಈ ವೇಗ ತಾನಾಗಿ ಜಾರಿಯಾಗುವ ಆಯ್ಕೆಯೊಂದಿದೆ. ಅದನ್ನು ಆನ್ ಮಾಡಲಿಲ್ಲ. ಹಾಗಿದ್ದರೆ, ಏನೇ ಎಡವಟ್ಟಾದರೂ ಕಂಪ್ಯೂಟರ್ ಆರಿಸಿ ಹಚ್ಚಿದಾಗ ಹಳೆಯ ವೇಗಕ್ಕೇ ಮರಳಿರುತ್ತದೆ.

15, 30, 45, 60. ನಾಲ್ಕು ಮೆಟ್ಟಿಲು ಹತ್ತಿದೆವು. ತಾತ ಮೊಮ್ಮಗಳು ಇಬ್ಬರೂ ಗೂಬೆಗಳ ಹಾಗೆ ಪರದೆ ನೋಡಿದ್ದೇ ನೋಡಿದ್ದು. ಏನೂ ಆಗಲಿಲ್ಲ. ಅಷ್ಟರಲ್ಲಿ ಕಾಫಿಗೆ ಕರೆ ಬಂತು. ನಾನು ಎದ್ದು ಹೋದೆ. ಮರಳಿ ಬಂದಾಗ ಪರದೆ ಕಪ್ಪಾಗಿತ್ತು. ಆ ಹುಡುಗಿಯ ಮುಖ ಬಿಳಿಚಿಕೊಂಡಿತ್ತು.

ನಾನು ಬಾಯಿ ತೆಗೆಯುವ ಮೊದಲೇ ಅವಳೇ ಹೇಳಿದಳು. "ತಾತ, ನಾನೇ ಮಾಡಿದ್ದು. ಒಂದೊಂದೇ ಮೆಟ್ಟಿಲು ಬೇಜಾರಾಯ್ತು. ಒಂದೇ ಸಲ 150ಕ್ಕೆ ಎಳೆದುಬಿಟ್ಟೆ. ಚಿತ್ರ ನಿಂತೋಯ್ತು. ಆಮೇಲೆ ಹೀಗಾಯ್ತು."

ಅಪ್ಪನ ಕಂಪ್ಯೂಟರ್. ಸುಳ್ಳು ಹೇಳಲು ಬೇಕಾದಷ್ಟು ದಾರಿ ಇತ್ತು. ಕರೆಂಟ್ ಹೋಯ್ತು ಎನ್ನಬಹುದಿತ್ತು. ತಾನಾಗಿಯೇ ಆಯ್ತು ಎಂದರೆ ನನಗೆ ಗೊತ್ತಾಗುತ್ತಲೂ ಇರಲಿಲ್ಲ. ಅವಳು ಒಂದು ಉಸಿರಿನಲ್ಲಿ ನಿಜ ಹೇಳಿ, ಬೈಸಿಕೊಳ್ಳಲು ತಲೆ ತಗ್ಗಿಸಿ ಕೂತಿದ್ದಳು.

ಕೆಲವು ಕ್ಷಣ ಬಿಟ್ಟು ಪರದೆ ತಾನಾಗಿ ಬೆಳಗಿತು. ಕಾರ್ಡನ್ನು ನಡೆಸುವ ಡ್ರೈವರ್ ಕೈಚೆಲ್ಲಿದಾಗ ವಿಂಡೋಸ್ ಅದನ್ನು ಮತ್ತೆ ಎಬ್ಬಿಸುತ್ತದಂತೆ. ಆದರೂ ಪೂರ್ತಿ ಆರಿಸಿ, ಹತ್ತು ನಿಮಿಷ ಬಿಟ್ಟು ಹಚ್ಚಿದೆವು. ಎಲ್ಲ ಮೊದಲಿನ ಹಾಗೇ ಇತ್ತು. ಅವಳು ನೋಟ್‌ಬುಕ್ ತೆಗೆದು, "60ರಿಂದ 150. ಒಟ್ಟಿಗೆ ಆರು ಮೆಟ್ಟಿಲು. ನನ್ನ ತಪ್ಪು" ಎಂದು ಬರೆದಳು.

ಆ ಸಾಲನ್ನು ನೋಡುತ್ತಾ ನನಗೆ ಸುಮ್ಮನಿರಲು ಆಗಲಿಲ್ಲ. ಹೆಂಡತಿಗೂ ಹೇಳಿರದ ಮಾತನ್ನು ಹದಿನಾಲ್ಕು ವರ್ಷದ ಹುಡುಗಿಗೆ ಹೇಳಿದೆ.

1977. ನನಗೆ ಇಪ್ಪತ್ನಾಲ್ಕು. ನಮ್ಮ ತಂದೆಯ ಹಿಟ್ಟಿನ ಗಿರಣಿಯಲ್ಲಿ ಏಳೂವರೆ ಎಚ್‌ಪಿ ಮೋಟಾರ್ ಇತ್ತು. ದೀಪಾವಳಿಯ ಹಿಂದಿನ ವಾರ. ಕಜ್ಜಾಯಕ್ಕೆ ಅಕ್ಕಿ, ಚಕ್ಕುಲಿಗೆ ಹಿಟ್ಟು ಎಂದು ಡಬ್ಬಗಳ ಸಾಲು ಬೀದಿಯವರೆಗೆ ನಿಂತಿತ್ತು. ತಂದೆ ಯಾವುದೋ ಕೆಲಸಕ್ಕೆ ತುಮಕೂರಿಗೆ ಹೋಗಿದ್ದರು. ಬೇಗ ಬೀಸಿ ಕೊಟ್ಟರೆ ತಂದೆ ಮೆಚ್ಚುತ್ತಾರೆಂದು ನಾನು ಮೋಟಾರಿನ ಪುಲ್ಲಿ ಬಿಚ್ಚಿ ಅದಕ್ಕಿಂತ ದೊಡ್ಡದನ್ನು ಹಾಕಿದೆ. ಪುಲ್ಲಿ ದೊಡ್ಡದಾದರೆ ಕಲ್ಲು ಜೋರಾಗಿ ತಿರುಗುತ್ತದೆ. ಮೋಟಾರ್ ಹೆಚ್ಚು ಕರೆಂಟ್ ಎಳೆಯುತ್ತದೆ. ಹಾಗೆ ಎಳೆದಾಗ ಆಫ್ ಮಾಡಲೆಂದೇ ಸ್ಟಾರ್ಟರಿನಲ್ಲಿ ಓವರ್‌ಲೋಡ್ ರಿಲೇ ಇರುತ್ತದೆ. ಅದು ಎರಡು ಸಲ ಟ್ರಿಪ್ ಆಯಿತು. ಮೂರನೆಯ ಸಲ ಅದರ ಮುಳ್ಳನ್ನೇ ಕೊನೆಯವರೆಗೆ ತಿರುಗಿಸಿಟ್ಟೆ.

ಅರ್ಧ ಗಂಟೆ ಬಹಳ ಚೆನ್ನಾಗಿ ನಡೆಯಿತು. ಆಮೇಲೆ ವಾರ್ನಿಷ್ ಸುಟ್ಟ ವಾಸನೆ. ಆಮೇಲೆ ಹೊಗೆ.

ರಾತ್ರಿ ಬಂದ ತಂದೆ, "ಯಾರು ಮಾಡಿದ್ದು?" ಎಂದು ಕೇಳಿದರು. ಗಿರಣಿಯಲ್ಲಿ ಕೈಕೆಲಸಕ್ಕೆ ಹದಿನೇಳು ವರ್ಷದ ಹುಡುಗನೊಬ್ಬನಿದ್ದ. ಪುಲ್ಲಿ ಬದಲಿಸುವಾಗ ಬೆಲ್ಟು ಹಿಡಿದುಕೊಟ್ಟವನು ಅವನೇ. ನಾನು ಅವನ ಹೆಸರು ಹೇಳಿದೆ. ಅವನು ನನ್ನ ಮುಖ ನೋಡಿದ. ಏನೂ ಮಾತಾಡಲಿಲ್ಲ. ತಂದೆ ಅರ್ಧ ತಿಂಗಳ ಸಂಬಳ ಕೊಟ್ಟು ಅವನನ್ನು ಕಳಿಸಿದರು. ಹಬ್ಬಕ್ಕೆ ಮೂರು ದಿನ ಇತ್ತು.

ಮೋಟಾರ್ ವೈಂಡಿಂಗ್ ಆಗಿ ಬಂದ ಮೇಲೆ ನಿಜ ಹೇಳೋಣ ಅಂದುಕೊಂಡೆ. ಹಬ್ಬ ಮುಗಿಯಲಿ ಅಂದುಕೊಂಡೆ. ಸಂಕ್ರಾಂತಿ ಕಳೆಯಲಿ ಅಂದುಕೊಂಡೆ. ತಂದೆ ತೀರಿಕೊಂಡರು. ನಾನು ಊರಿನಲ್ಲಿ 'ಯಂತ್ರ ಬಲ್ಲವನು' ಎಂದು ಹೆಸರು ಮಾಡಿಕೊಂಡೆ.

ಮೊಮ್ಮಗಳು ಎಲ್ಲವನ್ನೂ ಕೇಳಿಸಿಕೊಂಡು ಪರದೆಯ ಕಡೆ ನೋಡಿದಳು. "ಅದಕ್ಕೇ ಪವರ್ ಲಿಮಿಟ್ ಮುಟ್ಟಬೇಡ ಅಂದ್ರಾ?"

"ಹೂಂ."

"ಈ ಕಾರ್ಡಿಗಾದ್ರೂ ಬಿಸಿ ಆದ್ರೆ ತಾನೇ ನಿಧಾನ ಆಗೋ ಬುದ್ಧಿ ಇದೆ ತಾತ. ಜಾಸ್ತಿ ಆದ್ರೆ ತಾನೇ ನಿಂತ್ಕೊಳ್ಳುತ್ತೆ."

"ನನ್ನ ಮೋಟಾರಿಗೆ ಇದ್ದ ಬುದ್ಧಿ ಆ ರಿಲೇ ಒಂದೇ. ಅದನ್ನೂ ನಾನು ಕೆಡಿಸಿದೆ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು. "ಅವರು ಈಗ ಎಲ್ಲಿದಾರೆ?"

ಎಲ್ಲಿದ್ದಾನೆಂದು ನನಗೆ ಗೊತ್ತಿತ್ತು. ತುರುವೇಕೆರೆ ರಸ್ತೆಯ ಒಂದು ಹಳ್ಳಿಯಲ್ಲಿ ಅಂಗಡಿ ಇಟ್ಟಿದ್ದಾನೆ. ಬಸ್ಸಿನಲ್ಲಿ ಎಷ್ಟೋ ಸಲ ಅದರ ಮುಂದೆಯೇ ಹಾದುಹೋಗಿದ್ದೇನೆ, ಇನ್ನೊಂದು ಬದಿಯ ಕಿಟಕಿ ನೋಡುತ್ತಾ.

ಮಾರನೆಯ ದಿನ ಮತ್ತೆ ಮೆಟ್ಟಿಲು ಹತ್ತಿದೆವು, ಈ ಸಲ ಒಂದೊಂದೇ. 75, 90, 105 ದಾಟಿತು. 120ಕ್ಕೆ ಬಂದಾಗ ತೇಲುವ ಊರಿನ ಗೋಡೆಯ ಮೇಲೆ ಸಾಸಿವೆಯಂಥ ಬಿಳಿ ಚುಕ್ಕೆ ಮಿಂಚಿದವು. ನಾನೇ ಮೊದಲು ಕಂಡಿದ್ದು! ಎರಡು ಮೆಟ್ಟಿಲು ಇಳಿದು 90ರಲ್ಲಿ ನಿಂತೆವು. ಕಾಣುವ ಅಂಚಿನ ಮೇಲೆಯೇ ನಿಲ್ಲಬಾರದು. ಇವತ್ತು ತಡೆದದ್ದು ನಾಳೆಯ ಸೆಖೆಗೆ ತಡೆಯಲಿಕ್ಕಿಲ್ಲ. ಆಮೇಲೆ ಮೆಮೊರಿ. ಅದನ್ನು 50ರ ಹೆಜ್ಜೆಯಲ್ಲಿ ಏರಿಸಿದೆವು. ಇಲ್ಲೊಂದು ತಮಾಷೆ ಉಂಟು. ಮೆಮೊರಿ ತಪ್ಪು ಮಾಡಿದರೂ ಕೆಲವೊಮ್ಮೆ ಪರದೆ ಕೆಡುವುದಿಲ್ಲ. ತಪ್ಪನ್ನು ತಾನೇ ಕಂಡುಹಿಡಿದು ಅದೇ ಕೆಲಸವನ್ನು ಮತ್ತೊಮ್ಮೆ ಮಾಡುವುದರಿಂದ, ವೇಗ ಏರಿಸಿದಂತೆ ಅಂಕ ಇಳಿಯತೊಡಗುತ್ತದೆ. ನಮ್ಮ ಅಂಕ 500ರ ಬಳಿ ಇಳಿಯಿತು. 400ಕ್ಕೆ ತಂದು ಬಿಟ್ಟೆವು. ಉಷ್ಣತೆ 77.

ಇಷ್ಟಾದರೂ ಮೊದಲ ರಾತ್ರಿಯೇ ಬ್ಲೆಂಡರ್ ಅರ್ಧಕ್ಕೆ ನಿಂತುಹೋಗಿತ್ತು. ಒಂದು ಪರೀಕ್ಷೆ ಪಾಸಾದ ಕಾರ್ಡು ಇನ್ನೊಂದು ಬಗೆಯ ಕೆಲಸದಲ್ಲಿ ಸೋಲಬಹುದು. ಅವಳು ಚಿತ್ರಗಳನ್ನು ಬಿಡಿಬಿಡಿಯಾಗಿ ಉಳಿಸುವಂತೆ ಮಾಡಿದ್ದರಿಂದ ಆಗಿದ್ದೇನೂ ಹಾಳಾಗಲಿಲ್ಲ. ಮತ್ತೊಂದು ಮೆಟ್ಟಿಲು ಇಳಿದು 75ಕ್ಕೆ ತಂದೆವು. ಆಮೇಲೆ ಅದು ನಿಲ್ಲಲಿಲ್ಲ.

ಕೊನೆಗೆ ಸಿಕ್ಕಿದ್ದೆಷ್ಟು? ಒಂದು ಚಿತ್ರಕ್ಕೆ 60 ಸೆಕೆಂಡ್ ಬೇಕಾಗಿದ್ದದ್ದು 57ಕ್ಕೆ ಬಂತು. ಮೂರೇ ಸೆಕೆಂಡ್. 4320 ಚಿತ್ರಕ್ಕೆ ಲೆಕ್ಕ ಹಾಕಿದರೆ 3 ಗಂಟೆ 36 ನಿಮಿಷ.

"ಇಷ್ಟಕ್ಕೆ ಇಷ್ಟೊಂದು ಒದ್ದಾಟಾನಾ?" ಎಂದೆ.

"ಸುರಕ್ಷಿತವಾಗಿ ಮಾಡಿದ್ರೆ ಸಿಗೋದು ಇಷ್ಟೇ ತಾತ" ಎಂದಳು.

ಆ 3 ಗಂಟೆ 36 ನಿಮಿಷದಲ್ಲಿ ಏನು ಮಾಡುತ್ತೀರಿ ಎಂದು ಅವಳು ಬಾಯಿಬಿಟ್ಟು ಕೇಳಲಿಲ್ಲ. ಆದರೆ ಭಾನುವಾರ ಬೆಳಿಗ್ಗೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಬಸ್ಸಿನಲ್ಲಿ ಹೋದೆವು.

ಅಂಗಡಿಯಲ್ಲಿ ಅವನು ಬೆಲ್ಲ ತೂಗುತ್ತಿದ್ದ. ಕೂದಲೆಲ್ಲ ಬೆಳ್ಳಗಾಗಿತ್ತು. ನನ್ನನ್ನು ಕಂಡ ಕೂಡಲೇ ಗುರುತು ಹಿಡಿದು, "ಬನ್ನಿ ಅಣ್ಣ" ಎಂದು ಸ್ಟೂಲು ಎಳೆದು ಹಾಕಿದ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಮರೆತುಹೋಯಿತು. "ಆ ಮೋಟಾರ್ ಸುಟ್ಟಿದ್ದು ನಾನು. ನಿನ್ನ ಹೆಸರು ಹೇಳಿದ್ದು ತಪ್ಪಾಯ್ತು. ನಮ್ಮಪ್ಪನಿಗೆ ಕೊನೇವರೆಗೂ ನಿಜ ಹೇಳಲಿಲ್ಲ" ಎಂದೆ. ನಿಂತೇ ಹೇಳಿದೆ.

ಅವನು ಗಿರಾಕಿಗೆ ಬೆಲ್ಲ ಕಟ್ಟಿಕೊಟ್ಟು, ಚಿಲ್ಲರೆ ಕೊಟ್ಟು ಕಳಿಸಿ, ಆಮೇಲೆ ನನ್ನ ಕಡೆ ತಿರುಗಿದ. "ಸುಟ್ಟಿದ್ದು ನೀವು ಅಂತ ನನಗೆ ಗೊತ್ತಿಲ್ವಾ ಅಣ್ಣ? ಬೆಲ್ಟು ಹಿಡಿದಿದ್ದೇ ನಾನು." ಸ್ವಲ್ಪ ತಡೆದು, "ಆ ಸಲ ಮನೇಲಿ ಹಬ್ಬ ಮಾಡ್ಲಿಲ್ಲ. ನಮ್ಮವ್ವ ನಾನೇ ಏನೋ ಮಾಡಿರ್ಬೇಕು ಅಂತಾನೇ ತಿಳ್ಕೊಂಡಿದ್ಲು. ಅವಳಿರುವಾಗ ಬಂದಿದ್ರೆ ಚೆನ್ನಾಗಿತ್ತು" ಎಂದ.

ನನ್ನಲ್ಲಿ ಉತ್ತರವಿರಲಿಲ್ಲ. ಪರವಾಗಿಲ್ಲ ಎಂದು ಅವನೂ ಹೇಳಲಿಲ್ಲ. ನನ್ನ ಮೊಮ್ಮಗಳಿಗೆ ಒಂದು ಕಡಲೆಮಿಠಾಯಿ ಕೊಟ್ಟ. ದುಡ್ಡು ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಹೊರಡುವಾಗ ಅಜ್ಜಿಯ ಎಪ್ಪತ್ತರ ದಿನಕ್ಕೆ ಬರಬೇಕೆಂದು ಅವಳೇ ಕರೆದಳು. ನೋಡೋಣ ಎಂದ.

ಬಂದ. ಅಷ್ಟೊತ್ತಿಗೆ ಮಗನಿಗೆ, ಹೆಂಡತಿಗೆ ಎಲ್ಲ ಹೇಳಿಯಾಗಿತ್ತು. ಮಗ ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟ.

ದೀಪ ಆರಿಸಿ ಟಿವಿಯಲ್ಲಿ ಚಿತ್ರ ಹಾಕಿದರು. ತೊಟ್ಟಿಯೊಳಗೆ ಬಿಸಿಲು ಬಿತ್ತು, ಕಂಬದ ನೆರಳು ಸರಿಯಿತು, ಸೂರಿನಿಂದ ಮಳೆ ಇಳಿಯಿತು. ನನ್ನ ಹೆಂಡತಿ ಎರಡು ಸಲ ನೋಡಿದಳು. ಮೂರನೆಯ ಸಲ ಕಣ್ಣೊರೆಸಿಕೊಂಡು, "ಒರಳು ಇನ್ನೂ ಸ್ವಲ್ಪ ಈ ಕಡೆ ಇತ್ತು ಕಣೇ" ಎಂದಳು. ಎಲ್ಲರೂ ನಕ್ಕರು.

ಊಟವಾದ ಮೇಲೆ ನೋಡಿದರೆ ಅವನು ಕಂಪ್ಯೂಟರ್ ಮುಂದೆ ನಿಂತಿದ್ದ. ಮೊಮ್ಮಗಳು ಗುಂಡಿಗಳನ್ನು ಒಂದೊಂದಾಗಿ ತೋರಿಸುತ್ತಿದ್ದಳು. ಅವನು ಬಗ್ಗಿ ನೋಡಿ ಕೇಳುತ್ತಿದ್ದ: "ಇದಕ್ಕೂ ಓವರ್‌ಲೋಡ್ ಉಂಟಾ ಮಗಾ? ಎಷ್ಟಕ್ಕಿಟ್ಟಿದೀಯ?"

"ಕಂಪನಿಯವರು ಇಟ್ಟಷ್ಟಕ್ಕೇ ತಾತ. ನಾವು ಮುಟ್ಟಿಲ್ಲ."

ಅವನು ನನ್ನ ಕಡೆ ತಿರುಗಿ ನೋಡಿದ. ಅಂಗಡಿಯಲ್ಲಿ ನಗದಿದ್ದವನು ಈಗ ಸ್ವಲ್ಪ ನಕ್ಕ.